ಬಿದ್ದದ್ದನ್ನೂ ತೋರಿಸಿದ ಹುಡುಗಿ

(ಪದವಿ ಕಾಲೇಜೊಂದರ ಕ್ರೀಡಾ ಸಂಘದ ಕಾರ್ಯಕ್ರಮದಲ್ಲಿ ನಮ್ಮ ವರದಿಗಾರರು ಮಾಡಿದ ಭಾಷಣದ ಪಠ್ಯ)



ಕ್ರೀಡೆಯ ಬಗ್ಗೆ ನಾಲ್ಕು ಮಾತಾಡಿ ಎಂದು ನಿಮ್ಮ ಸಂಘದವರು ಕೇಳಿದಾಗ ಕ್ರಿಕೆಟ್ಟನ್ನೋ ಕಬಡ್ಡಿಯನ್ನೋ ನಿರೀಕ್ಷಿಸಿದ್ದರೇನೋ. ನಾನು ಆರಿಸಿಕೊಂಡಿರುವುದು ಹಲಗೆಯ ಮೇಲೆ ನಿಂತು ಆಡುವ ಆಟಗಳನ್ನು. ನಾಲ್ಕು ಚಕ್ರದ ಹಲಗೆಯ ಮೇಲೆ ನಿಂತು ಕಾಂಕ್ರೀಟಿನ ಮೇಲೆ ಓಡಿಸಿದರೆ ಅದು ಸ್ಕೇಟ್‌ಬೋರ್ಡಿಂಗ್. ಚಕ್ರವಿಲ್ಲದ ಹಲಗೆಯ ಮೇಲೆ ನಿಂತು ಕಡಲಿನ ಅಲೆಯ ಬೆನ್ನೇರಿದರೆ ಸರ್ಫಿಂಗ್. ಎರಡನ್ನೂ ಆಡುವ, ಯಾವ ಪದಕವೂ ಕೊರಳಿಗೆ ಬೀಳುವ ಮೊದಲೇ ವಿಡಿಯೊಗಳಿಂದ ಜಗತ್ತಿಗೆಲ್ಲ ಗೊತ್ತಾಗಿದ್ದ ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಅವಳ ಹೆಸರು ಸ್ಕೈ ಬ್ರೌನ್.

2020ರ ಮೇ ತಿಂಗಳ ಕೊನೆ. ಕ್ಯಾಲಿಫೋರ್ನಿಯಾದಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಎತ್ತರದ ರ‍್ಯಾಂಪಿನಿಂದ ಆಯತಪ್ಪಿ ಅವಳು ನೆಲಕ್ಕೆ ಬಿದ್ದಳು. ಆಗ ಅವಳಿಗೆ 11 ವರ್ಷ. ತಲೆಬುರುಡೆಯಲ್ಲಿ ಬಿರುಕು. ಎಡಗೈ ಮತ್ತು ಮಣಿಕಟ್ಟು ಮುರಿದಿದ್ದವು. ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಒಯ್ದರು. ಮಗಳು ಬದುಕಿ ಉಳಿದದ್ದೇ ಅದೃಷ್ಟ ಎಂದು ತಂದೆ ಹೇಳಿದರು. ಕೆಲವೇ ದಿನಗಳಲ್ಲಿ, ಒಂದು ಕಣ್ಣು ಕಪ್ಪುಗಟ್ಟಿ ಊದಿಕೊಂಡ ಮುಖದಲ್ಲಿ, ಹಾಸಿಗೆಯಲ್ಲಿ ಮಲಗಿಕೊಂಡೇ ಈ ಹುಡುಗಿ ಒಂದು ವಿಡಿಯೊ ಮಾಡಿ ಹಾಕಿದಳು. ಅದರಲ್ಲಿ ಅವಳು ಬಿದ್ದ ದೃಶ್ಯವೂ ಇತ್ತು. ಹೆಲ್ಮೆಟ್ ಮತ್ತು ಅಡ್ಡ ಬಂದ ಕೈ ತನ್ನ ಜೀವ ಉಳಿಸಿದವು ಎಂದಳು. ಜೊತೆಗೆ ಇನ್ನೊಂದು ಮಾತು: ತಾನು ಬಿದ್ದದ್ದನ್ನು ಸಾಮಾನ್ಯವಾಗಿ ಹಾಕುವುದಿಲ್ಲ, ಆಟದ ಖುಷಿಯನ್ನಷ್ಟೇ ಜನ ನೋಡಲಿ ಎಂದು ತನಗೆ ಆಸೆ ಎಂಬರ್ಥದ ಮಾತು.

‘ಬಿದ್ದದ್ದನ್ನು ಸಾಮಾನ್ಯವಾಗಿ ಹಾಕುವುದಿಲ್ಲ.’ ಪತ್ರಿಕೆಯ ಮೇಜಿನ ಮೇಲೆ ದಿನವೂ ಹತ್ತಾರು ಚಿತ್ರಗಳಲ್ಲಿ ಒಂದನ್ನು ಆರಿಸುವುದನ್ನು ನೋಡುವ ನನಗೆ ಈ ಮಾತು ಬಹಳ ಕಾಡಿತು. ಸ್ಕೇಟ್‌ಬೋರ್ಡಿಂಗ್ ಎಂದರೆ ಮುಖ್ಯವಾಗಿ ಬೀಳುವ ಆಟ. ಒಂದು ವರಸೆ ಕೂಡಿಬರಬೇಕಾದರೆ ಹತ್ತು ಸಲ, ಐವತ್ತು ಸಲ, ಕೆಲವೊಮ್ಮೆ ನೂರಾರು ಸಲ ಬೀಳಬೇಕು. ಬೀಳುವುದನ್ನೇ ಕತ್ತರಿಸಿ ತೆಗೆದರೆ ಆಟದಲ್ಲಿ ಏನು ಉಳಿಯಿತು? ಕತ್ತರಿಸಿದ ಆ ತುಣುಕನ್ನೇ ಪೂರ್ತಿ ಆಟವೆಂದು ತಿಳಿದ ಲಕ್ಷಾಂತರ ಮಂದಿಯ ಮುಂದೆ, 11ರ ಹರೆಯದಲ್ಲಿ, ನಿಜವಾದ ಸ್ಪರ್ಧೆಗೆ ಇಳಿಯುವುದೆಂದರೆ ಏನು?

ಆಟ ಮತ್ತು ವಿಡಿಯೊ ಖ್ಯಾತಿಯನ್ನು ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗುವ ಅಭ್ಯಾಸ ನಮಗಿದೆ. ಆಟ ಒಳ್ಳೆಯದು, ಕ್ಯಾಮೆರಾ ಕೆಟ್ಟದ್ದು. ಆಟ ಶ್ರಮ, ಕ್ಯಾಮೆರಾ ಶೋಕಿ. ಹಲಗೆಯ ಆಟಗಳ ಚರಿತ್ರೆ ನೋಡಿದರೆ ಈ ತಕ್ಕಡಿ ನಿಲ್ಲುವುದಿಲ್ಲ. ಕ್ಯಾಮೆರಾ ಇಲ್ಲಿಗೆ ಹೊರಗಿನಿಂದ ಬಂದ ನೆಂಟನಲ್ಲ, ಮನೆಯವನೇ.

ಹುಡುಗಿಯ ಪರಿಚಯವನ್ನು ಮೊದಲು ಮುಗಿಸಿಬಿಡುತ್ತೇನೆ. ಸ್ಕೈ ಹುಟ್ಟಿದ್ದು 2008ರ ಜುಲೈನಲ್ಲಿ, ಜಪಾನಿನ ಮಿಯಾಜಾಕಿಯಲ್ಲಿ. ತಾಯಿ ಜಪಾನಿನವರು, ತಂದೆ ಬ್ರಿಟನ್ನಿನವರು. ಮಿಯಾಜಾಕಿ ಅಲೆಗಳಿಗೆ ಹೆಸರಾದ ಕರಾವಳಿ. 2019ರ ವಿಶ್ವ ಸರ್ಫಿಂಗ್ ಕ್ರೀಡಾಕೂಟ ನಡೆದದ್ದೂ ಅಲ್ಲೇ. ಅಪ್ಪನಿಗೆ ಹಲಗೆಯ ಹುಚ್ಚು. ಮಗುವಿಗೆ ಅದೇ ಆಟಿಕೆಯಾಯಿತು. ಇನ್ನೂ ಶಾಲೆಯ ಮೆಟ್ಟಿಲು ಹತ್ತದ ಹುಡುಗಿ ಹಲಗೆ ಓಡಿಸುವ ವಿಡಿಯೊವನ್ನು ಅಪ್ಪ ಅಂತರ್ಜಾಲಕ್ಕೆ ಹಾಕಿದರು. ಅದು ಊರೂರು ಸುತ್ತಿತು. ಮುಂದೆ ತಮ್ಮ ಓಷನ್‌ನ ಜೊತೆ ಸೇರಿ ಯೂಟ್ಯೂಬ್ ಚಾನೆಲ್ ಆಯಿತು. 2016ರಲ್ಲಿ, 8ನೇ ವಯಸ್ಸಿಗೆ, ವ್ಯಾನ್ಸ್ ಯುಎಸ್ ಓಪನ್‌ನಲ್ಲಿ ದೊಡ್ಡವರ ಜೊತೆ ಸ್ಪರ್ಧಿಸಿದಳು. 2018ರಲ್ಲಿ ಅಮೆರಿಕದ ಟೆಲಿವಿಷನ್ನಿನ ಮಕ್ಕಳ ನೃತ್ಯ ಸ್ಪರ್ಧೆ ‘ಡ್ಯಾನ್ಸಿಂಗ್ ವಿತ್ ದ ಸ್ಟಾರ್ಸ್: ಜೂನಿಯರ್ಸ್’ ಗೆದ್ದಳು. ಒಲಿಂಪಿಕ್ಸ್‌ಗೆ ಜಪಾನ್ ಪರವೂ ಆಡಬಹುದಿತ್ತು. ಆದರೆ 2019ರಲ್ಲಿ ಬ್ರಿಟನ್ನನ್ನು ಆರಿಸಿಕೊಂಡಳು. ಹೆತ್ತವರಿಗೆ ಒಲಿಂಪಿಕ್ಸ್‌ನ ಒತ್ತಡದ ಬಗ್ಗೆ ಅಳುಕಿತ್ತು; ಬ್ರಿಟನ್ನಿನ ಸಂಸ್ಥೆ ಒತ್ತಡ ಹಾಕುವುದಿಲ್ಲ ಎಂದಿತು.

ಒಂದು ಸಂಗತಿಯನ್ನು ವಿಶೇಷವಾಗಿ ಗಮನಿಸಬೇಕು. ಇವಳು ಕೋಚ್ ಇಲ್ಲದೆ ಬೆಳೆದವಳು. ವರಸೆಗಳನ್ನು ಕಲಿತದ್ದು ಬಹುಪಾಲು ಯೂಟ್ಯೂಬ್ ನೋಡಿ. ಅಂದರೆ ಅವಳಿಗೆ ಪರದೆ ಎಂಬುದು ಮೊದಲು ಪಾಠಶಾಲೆ, ಆಮೇಲೆ ರಂಗಸ್ಥಳ. ಬೇರೆಯವರ ವಿಡಿಯೊ ನೋಡಿ ಕಲಿತಳು, ಅವಳ ವಿಡಿಯೊ ನೋಡಿ ಇನ್ಯಾರೋ ಕಲಿತರು. ಈ ಸರಪಳಿ ಅವಳಿಂದ ಶುರುವಾದದ್ದಲ್ಲ.

ಸ್ಕೇಟ್‌ಬೋರ್ಡ್ ಹುಟ್ಟಿದ್ದು 1950ರ ದಶಕದ ಕ್ಯಾಲಿಫೋರ್ನಿಯಾದಲ್ಲಿ. ಅಲೆ ಇಲ್ಲದ ದಿನ ಸರ್ಫಿಂಗ್ ಹುಡುಗರು ಏನು ಮಾಡಬೇಕು? ಹಲಗೆಗೆ ರೋಲರ್ ಸ್ಕೇಟಿನ ಚಕ್ರ ಬಡಿದು ಬೀದಿಗಿಳಿದರು. ಅವರು ಬೀದಿಯಲ್ಲಿ ಆಡಿದ್ದೂ ಅಲೆಯ ಚಲನೆಯನ್ನೇ. 1965ರ ಮೇ ತಿಂಗಳಲ್ಲಿ ‘ಲೈಫ್’ ಪತ್ರಿಕೆಯ ಮುಖಪುಟದಲ್ಲಿ ಒಬ್ಬ ಹುಡುಗಿ ಚಲಿಸುವ ಹಲಗೆಯ ಮೇಲೆ ತಲೆಕೆಳಗಾಗಿ, ಕೈಯೂರಿ ನಿಂತಿದ್ದಳು. ಪ್ಯಾಟಿ ಮೆಗೀ. ಅಮೆರಿಕದ ಮೊದಲ ಮಹಿಳಾ ಸ್ಕೇಟ್‌ಬೋರ್ಡ್ ಚಾಂಪಿಯನ್. 2024ರಲ್ಲಿ ತೀರಿಕೊಂಡರು. ಅರವತ್ತು ವರ್ಷಗಳ ಹಿಂದೆಯೇ ಈ ಆಟದಲ್ಲಿ ಒಬ್ಬ ಹೆಣ್ಣುಮಗಳ ಹೆಸರು ಮನೆಮನೆಗೆ ಮುಟ್ಟಿದ್ದು ಒಂದು ಛಾಯಾಚಿತ್ರದಿಂದ ಎಂಬುದು ನೆನಪಿರಲಿ. ಅವರು ಗೆದ್ದ ಸ್ಪರ್ಧೆಯ ಅಂಕಗಳು ಇಂದು ಯಾರಿಗೂ ನೆನಪಿಲ್ಲ, ಆ ಮುಖಪುಟ ನೆನಪಿದೆ.

1970ರ ದಶಕದಲ್ಲಿ ಪಾಲಿಯುರೆಥೇನ್ ಚಕ್ರ ಬಂತು. ಅಲ್ಲಿಯವರೆಗಿನ ಗಟ್ಟಿ ಚಕ್ರ ಸಣ್ಣ ಕಲ್ಲಿಗೂ ತಡೆದು ನಿಂತು ಸವಾರನನ್ನು ಎಸೆಯುತ್ತಿತ್ತು. ಹೊಸದು ನೆಲವನ್ನು ಹಿಡಿದುಕೊಂಡು ಓಡಿತು. ಅದೇ ದಶಕದ ನಡುವೆ ಕ್ಯಾಲಿಫೋರ್ನಿಯಾದಲ್ಲಿ ಭೀಕರ ಬರ. ಶ್ರೀಮಂತರ ಮನೆಗಳ ಹಿತ್ತಲಿನ ಈಜುಕೊಳಗಳು ಬರಿದಾದವು. ಬಟ್ಟಲಿನಂತೆ ಬಾಗಿದ ಆ ಕೊಳಗಳ ಗೋಡೆಗಳ ಮೇಲೆ ಸಾಂಟಾ ಮೋನಿಕಾ ಕಡೆಯ ಹುಡುಗರು ಕದ್ದು ನುಗ್ಗಿ ಹಲಗೆ ಓಡಿಸಿದರು. ಇಂದು ಒಲಿಂಪಿಕ್ಸ್‌ನಲ್ಲಿ ‘ಪಾರ್ಕ್’ ಎಂದು ಕರೆಯುವ ವಿಭಾಗ, ಅಂದರೆ ಸ್ಕೈ ಬ್ರೌನ್ ಆಡುವ ವಿಭಾಗ, ಆ ಬರಿದಾದ ಕೊಳಗಳ ಮೊಮ್ಮಗು. ಬೇಲಿ ಹಾರಿ ಬಂದ ಹುಡುಗರ ಕೈಚಳಕವನ್ನು ಊರಿನವರು ನೋಡಲಿಲ್ಲ. ನೋಡಿದ್ದು ಕ್ರೇಗ್ ಸ್ಟೆಸಿಕ್ ಅವರ ಕ್ಯಾಮೆರಾ. ಪತ್ರಿಕೆಯಲ್ಲಿ ಬಂದ ಅವರ ಚಿತ್ರ-ಬರಹಗಳೇ ಅದನ್ನು ದಂತಕತೆ ಮಾಡಿದವು. ಚಿತ್ರ ಇಲ್ಲದಿದ್ದರೆ ಅಲ್ಲಿ ಏನೂ ನಡೆದೇ ಇರಲಿಲ್ಲ ಎಂಬಂತೆ ಆಗುತ್ತಿತ್ತು.

1984ರಲ್ಲಿ ಇನ್ನೊಂದು ತಿರುವು. ಹಲಗೆ ತಯಾರಿಸುವ ಪವೆಲ್ ಪೆರಾಲ್ಟಾ ಕಂಪನಿ ತನ್ನ ಹುಡುಗರ ತಂಡದ ಆಟವನ್ನು ಚಿತ್ರಿಸಿ ‘ದ ಬೋನ್ಸ್ ಬ್ರಿಗೇಡ್ ವಿಡಿಯೊ ಶೋ’ ಎಂಬ ಕ್ಯಾಸೆಟ್ ಹೊರತಂದಿತು. ಉದ್ದೇಶ ಹಲಗೆ ಮಾರುವುದು. ಅದರಲ್ಲಿ ಮುಚ್ಚುಮರೆ ಇಲ್ಲ. ಆದರೆ ಪರಿಣಾಮ ದೊಡ್ಡದಾಯಿತು. ಸ್ಕೇಟ್ ಪಾರ್ಕುಗಳೇ ಇಲ್ಲದ ಊರುಗಳ ಮಕ್ಕಳು ವಿಸಿಆರ್‌ನಲ್ಲಿ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ, ನಿಲ್ಲಿಸಿ, ಮತ್ತೆ ಓಡಿಸಿ, ಕಾಲು ಎಲ್ಲಿಟ್ಟ, ಹಿಮ್ಮಡಿ ಯಾವಾಗ ಒತ್ತಿದ ಎಂದು ನೋಡಿ ಕಲಿತರು. ಆ ಕ್ಯಾಸೆಟ್ಟಿನಲ್ಲಿದ್ದ ಹುಡುಗರಲ್ಲಿ ಟೋನಿ ಹಾಕ್ ಒಬ್ಬ. 14ನೇ ವಯಸ್ಸಿಗೇ ವೃತ್ತಿಪರನಾಗಿದ್ದವನು. ಮಗನಿಗೆ ಸ್ಪರ್ಧೆಗಳೇ ಸರಿಯಾಗಿ ಇಲ್ಲವಲ್ಲ ಎಂದು ತಂದೆ ಫ್ರಾಂಕ್ ಹಾಕ್ ಒಂದು ರಾಷ್ಟ್ರೀಯ ಸ್ಕೇಟ್‌ಬೋರ್ಡ್ ಸಂಘವನ್ನೇ ಕಟ್ಟಿದರು. ಮಗುವಿನ ಆಟದ ಹಿಂದೆ ಟೊಂಕ ಕಟ್ಟಿ ನಿಲ್ಲುವ ಅಪ್ಪ ಇಂದಿನ ಕಾಲದ ಸೃಷ್ಟಿ ಎಂದುಕೊಂಡವರಿಗೆ ಇದನ್ನು ಹೇಳಿದೆ.

ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಈ ಲೋಕದಲ್ಲಿ ಮರ್ಯಾದೆ ತರುತ್ತಿದ್ದದ್ದು ಪದಕಕ್ಕಿಂತ ಹೆಚ್ಚಾಗಿ ವಿಡಿಯೊ. ಒಬ್ಬ ಸವಾರನ ಪಾಲಿಗೆ ಕ್ಯಾಸೆಟ್ಟಿನಲ್ಲಿ ಬರುವ ಎರಡು ಮೂರು ನಿಮಿಷಕ್ಕೆ ‘ಪಾರ್ಟ್’ ಎಂದು ಹೆಸರು. ಒಳ್ಳೆಯ ಪಾರ್ಟ್ ಬಂದರೆ ಕಂಪನಿ ಅವನ ಹೆಸರಿನ ಹಲಗೆ ಮಾರುತ್ತದೆ, ಜೀವನ ನಡೆಯುತ್ತದೆ. ಹೆಣ್ಣುಮಕ್ಕಳಿಗೆ ಆ ಜಾಗ ಸಿಗುವುದೇ ಕಷ್ಟವಾಗಿತ್ತು. ಎಲಿಸ್ಸಾ ಸ್ಟೀಮರ್ ಎಂಬಾಕೆಗೆ 1996ರಲ್ಲಿ ಟಾಯ್ ಮಷೀನ್ ಕಂಪನಿಯ ವಿಡಿಯೊದಲ್ಲಿ ಪಾರ್ಟ್ ದೊರೆತದ್ದು ಇಂದಿಗೂ ಮೈಲಿಗಲ್ಲು. ಅಲ್ಲಿ ಬಾಗಿಲು ಕಾಯುವವರು ಇದ್ದರು: ಕಂಪನಿಯ ಮಾಲೀಕ, ಚಿತ್ರಿಸುವವ, ಸಂಕಲನಕಾರ. ಅವರು ಒಪ್ಪಿದರೆ ನೀನು ಸ್ಕೇಟರ್, ಇಲ್ಲದಿದ್ದರೆ ಬೀದಿಯ ಹುಡುಗಿ.

ಯೂಟ್ಯೂಬ್ ಮತ್ತು ಮೊಬೈಲ್ ಮುರಿದದ್ದು ಈ ಬಾಗಿಲನ್ನು. 2015ರಲ್ಲಿ ಬ್ರೆಜಿಲ್‌ನ ಈಶಾನ್ಯ ಭಾಗದ ಇಂಪೆರಾಟ್ರಿಜ್ ಎಂಬ ಊರಿನಿಂದ ಒಂದು ವಿಡಿಯೊ ಹೊರಟಿತು. ನೀಲಿ ಫ್ರಾಕು, ಬೆನ್ನಿಗೆ ರೆಕ್ಕೆ ಕಟ್ಟಿದ ಕಿನ್ನರಿಯ ವೇಷ. ಏಳು ವರ್ಷದ ಹುಡುಗಿ ಮೆಟ್ಟಿಲುಗಳ ಮೇಲಿಂದ ಹಾರುತ್ತ ಹಿಮ್ಮಡಿಯಿಂದ ಹಲಗೆಯನ್ನು ಗಾಳಿಯಲ್ಲೇ ಮಗುಚಿ ಮತ್ತೆ ಅದರ ಮೇಲೇ ಇಳಿಯುತ್ತಾಳೆ. ಟೋನಿ ಹಾಕ್ ಅದನ್ನು ಹಂಚಿಕೊಂಡರು. ರಾಯ್ಸಾ ಲೀಲ್ ಎಂಬ ಆ ಹುಡುಗಿ ‘ಸ್ಕೇಟಿನ ಪುಟ್ಟ ಕಿನ್ನರಿ’ ಎಂದು ದೇಶಕ್ಕೆಲ್ಲ ಪರಿಚಿತಳಾದಳು. ಸಾವೊ ಪಾಲೊದಿಂದ ಅಷ್ಟು ದೂರದ ಊರಿನ ಹುಡುಗಿಯನ್ನು 1996ರಲ್ಲಾಗಿದ್ದರೆ ಯಾವ ಕಂಪನಿಯವರು ಹುಡುಕಿಕೊಂಡು ಹೋಗುತ್ತಿದ್ದರು? ಆದ್ದರಿಂದ ಮೊಬೈಲ್ ಕ್ಯಾಮೆರಾವನ್ನು ಬೈಯುವವರ ಸಾಲಿನಲ್ಲಿ ನಾನು ಸುಲಭವಾಗಿ ನಿಲ್ಲಲಾರೆ.

ಬಾಗಿಲು ಕಾಯುವವರು ಹೋದಾಗ ಬಾಗಿಲೂ ಹೋಯಿತು ಎಂಬುದು ಇನ್ನೊಂದು ಮಾತು. ನಮ್ಮ ಯಕ್ಷಗಾನದ ಮೇಳಗಳಲ್ಲಿ ಹುಡುಗರು ಕಲಿಯುತ್ತಿದ್ದ ಕ್ರಮ ನೆನೆಸಿಕೊಳ್ಳಿ. ಮೊದಲು ಕೋಡಂಗಿ, ಆಮೇಲೆ ಬಾಲಗೋಪಾಲ. ಪ್ರಸಂಗ ಶುರುವಾಗುವ ಮೊದಲಿನ ಪೂರ್ವರಂಗದಲ್ಲಿ, ಜನ ಇನ್ನೂ ಬಂದು ಕೂರುತ್ತಿರುವ ಹೊತ್ತಿನಲ್ಲಿ ಕುಣಿತ. ಹೆಜ್ಜೆ ತಪ್ಪಿದರೂ ನಡೆಯುತ್ತದೆ. ಭಾಗವತರು ನೋಡಿರುತ್ತಾರೆ, ತಿದ್ದುತ್ತಾರೆ. ತಪ್ಪುವುದಕ್ಕೆಂದೇ ರಾತ್ರಿಯಲ್ಲಿ ಒಂದಿಷ್ಟು ಹೊತ್ತು ಮೀಸಲಿತ್ತು ಎನ್ನಬಹುದು. ಅಂತರ್ಜಾಲದಲ್ಲಿ ಪೂರ್ವರಂಗವಿಲ್ಲ. ಮೊದಲ ಹೆಜ್ಜೆಯೇ ಜಗತ್ತಿನ ಮುಂದೆ. ಹಾಗಾಗಿ ತಪ್ಪಿದ ಹೆಜ್ಜೆಯನ್ನು ಮನೆಯವರೇ ಕತ್ತರಿಸುತ್ತಾರೆ.

ಸ್ಪರ್ಧೆಯಲ್ಲಿ ಕತ್ತರಿ ಇಲ್ಲ. ಟೋಕಿಯೊ ಒಲಿಂಪಿಕ್ಸ್ ನಡೆದದ್ದು ಒಂದು ವರ್ಷ ತಡವಾಗಿ, 2021ರಲ್ಲಿ. ಸ್ಕೇಟ್‌ಬೋರ್ಡಿಂಗ್ ಮತ್ತು ಸರ್ಫಿಂಗ್ ಎರಡಕ್ಕೂ ಅದೇ ಮೊದಲ ಒಲಿಂಪಿಕ್ಸ್. ಬೀದಿಯ ಮೆಟ್ಟಿಲು, ಕಂಬಿಗಳನ್ನು ಹೋಲುವ ‘ಸ್ಟ್ರೀಟ್’ ವಿಭಾಗದಲ್ಲಿ ತಲಾ 45 ಸೆಕೆಂಡುಗಳ ಎರಡು ಓಟ, ಆಮೇಲೆ ಒಂಟಿ ವರಸೆಗೆ ಐದು ಯತ್ನ. ಬಿದ್ದರೆ ಬಿದ್ದದ್ದೇ. ಜುಲೈ 26ರಂದು ಜಪಾನಿನ ಮೊಮಿಜಿ ನಿಶಿಯಾ 15.26 ಅಂಕ ಪಡೆದು ಚಿನ್ನ ಗೆದ್ದಳು. 14.64 ಅಂಕ ಗಳಿಸಿದ ರಾಯ್ಸಾಗೆ ಬೆಳ್ಳಿ. ಇಬ್ಬರಿಗೂ 13 ವರ್ಷ. ಮೊಬೈಲ್ ವಿಡಿಯೊದ ಕಿನ್ನರಿ ಆರು ವರ್ಷದಲ್ಲಿ ಬ್ರೆಜಿಲ್‌ನ ಅತ್ಯಂತ ಕಿರಿಯ ಒಲಿಂಪಿಕ್ ಪದಕ ವಿಜೇತೆಯಾಗಿದ್ದಳು.

ಆಗಸ್ಟ್ 4ರಂದು ಸ್ಕೈ ಬ್ರೌನ್‌ಳ ಸರದಿ. ಹದಿಮೂರು ತುಂಬಿ 28 ದಿನವಾಗಿತ್ತು. ತಲೆಬುರುಡೆ ಬಿರುಕು ಬಿಟ್ಟು ಹದಿನಾಲ್ಕು ತಿಂಗಳು. ಪಾರ್ಕ್ ವಿಭಾಗದಲ್ಲಿ 45 ಸೆಕೆಂಡಿನ ಮೂರು ಓಟ, ಮೂರರಲ್ಲಿ ಉತ್ತಮವಾದ ಒಂದು ಮಾತ್ರ ಲೆಕ್ಕಕ್ಕೆ. ಮೊದಲನೆಯದರಲ್ಲಿ ಬಿದ್ದಳು. ಎರಡನೆಯದರಲ್ಲಿ ಬಿದ್ದಳು. ಗಾಳಿಯಲ್ಲಿ ಹಲಗೆಯನ್ನು ಕಾಲಿನಿಂದ ಮಗುಚಿ ಕೈಯಿಂದ ಹಿಡಿದು ಮತ್ತೆ ಕಾಲಡಿಗೆ ತಂದುಕೊಳ್ಳುವ ಒಂದು ವರಸೆ ಕೈಕೊಡುತ್ತಿತ್ತು. ಅದನ್ನು ಬಿಟ್ಟು ಸುಲಭದ್ದನ್ನು ಹಾಕಿಕೊಳ್ಳಬಹುದಿತ್ತು, ಬಿಡಲಿಲ್ಲ. ಮೂರನೆಯ ಓಟದಲ್ಲಿ ಅದು ಕೂಡಿಬಂತು. 56.47 ಅಂಕ, ಕಂಚು. ಬ್ರಿಟನ್ನಿನ ಅತ್ಯಂತ ಕಿರಿಯ ಒಲಿಂಪಿಕ್ ಪದಕ ವಿಜೇತೆ. ಚಿನ್ನ ಗೆದ್ದ ಸಕುರಾ ಯೊಸೊಜುಮಿಗೆ 19 ವರ್ಷ, ಬೆಳ್ಳಿಯ ಕೊಕೊನಾ ಹಿರಾಕಿಗೆ 12.

ಯೂಟ್ಯೂಬಿನಲ್ಲಿ ಆ ವರಸೆಯನ್ನು ಅವಳು ಸಲೀಸಾಗಿ ಮಾಡುವುದನ್ನೇ ಕಂಡಿದ್ದ ಜನ ಅಂದು ಎರಡು ಸಲ ಅವಳು ಕಾಂಕ್ರೀಟಿಗೆ ಅಪ್ಪಳಿಸುವುದನ್ನು ಕಂಡರು. ನನ್ನ ಮಟ್ಟಿಗೆ ಟೋಕಿಯೊದ ಆ ಮೂರು ಓಟಗಳು ಸೇರಿದರೆ ಮಾತ್ರ ಒಂದು ಪೂರ್ತಿ ವಿಡಿಯೊ.

ಅದೇ ಅಂತಿಮ ಸುತ್ತಿನ ಇನ್ನೊಂದು ದೃಶ್ಯವನ್ನು ಹೇಳದೆ ಮುಂದೆ ಹೋಗಲಾರೆ. ಗೆಲ್ಲುವ ನಿರೀಕ್ಷೆ ಇದ್ದ ಜಪಾನಿನ ಮಿಸುಗು ಒಕಮೊಟೊ ಕೊನೆಯ ಓಟದಲ್ಲಿ ಪದಕಕ್ಕಾಗಿ ಎಲ್ಲವನ್ನೂ ಪಣಕ್ಕಿಟ್ಟು ಬಿದ್ದಳು. ನಾಲ್ಕನೇ ಸ್ಥಾನ. ಅಳುತ್ತ ಮೇಲೆ ಬಂದವಳನ್ನು ಎದುರಾಳಿ ಹುಡುಗಿಯರು ಅಪ್ಪಿ, ಹೆಗಲ ಮೇಲೆ ಎತ್ತಿಕೊಂಡರು. ಒಲಿಂಪಿಕ್ಸ್‌ನಲ್ಲಿ ಸೋತವರನ್ನು ಹೊತ್ತು ಮೆರೆಸಿದ್ದು ಎಷ್ಟು ಸಲ ನೋಡಿದ್ದೇವೆ? ಬೀಳುವುದು ಏನೆಂದು ಗೊತ್ತಿದ್ದವರಷ್ಟೇ ಹಾಗೆ ಮಾಡಿಯಾರು.

ಸರ್ಫಿಂಗಿಗೆ ಬಂದರೆ ಕ್ಯಾಮೆರಾದ ಕತೆಯೇ ಬೇರೆ. ಮೆಟ್ಟಿಲು ಇದ್ದಲ್ಲೇ ಇರುತ್ತದೆ. ನೂರು ಸಲ ಯತ್ನಿಸಿ ಒಂದನ್ನು ಚಿತ್ರಿಸಬಹುದು. ಅಲೆ ಮತ್ತೆ ಬರುವುದಿಲ್ಲ. ಬಂದರೂ ಅದೇ ಅಲೆಯಲ್ಲ. ನಮ್ಮ ಮೂಲ್ಕಿ ಹತ್ತಿರದ ಸಸಿಹಿತ್ಲು ಕಡಲತೀರದಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ನೋಡಿದ ಕರಾವಳಿಯವರು ಇಲ್ಲಿ ಯಾರಾದರೂ ಇದ್ದರೆ ಅವರಿಗೆ ಗೊತ್ತು: ಸವಾರರು ಹಲಗೆಯ ಮೇಲೆ ಕುಳಿತು ದಿಗಂತ ನೋಡುತ್ತ ಕಾಯುವುದೇ ಹೆಚ್ಚು. ಕಾಯುವುದನ್ನೂ ವಿಡಿಯೊದಲ್ಲಿ ಯಾರೂ ಹಾಕುವುದಿಲ್ಲ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಎರಡೂ ಆಟಗಳಲ್ಲಿ ಇಳಿಯಬೇಕೆಂದು ಸ್ಕೈ ಹಂಬಲಿಸಿದ್ದಳು. ಸರ್ಫಿಂಗಿನಲ್ಲಿ ಅರ್ಹತೆ ದೊರೆಯಲಿಲ್ಲ. ಎರಡು ಹಲಗೆ ಮತ್ತು ಒಂದು ಕ್ಯಾಮೆರಾವನ್ನು ಒಟ್ಟಿಗೆ ಹೊತ್ತುಕೊಂಡು ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಇಲ್ಲಿ ಒಂದು ಮಿತಿ ಕಂಡಿತು.

ಈಗ ಹಣದ ವಿಷಯ. ಮಕ್ಕಳ ಆಟದ ಮಾತಿನಲ್ಲಿ ಹಣ ಬರುವುದು ಕೆಲವರಿಗೆ ಹಿಡಿಸುವುದಿಲ್ಲ. ಆದರೆ ಬಂದೇ ಬರುತ್ತದೆ. ಹಲಗೆ, ಪಾದರಕ್ಷೆ, ಬಟ್ಟೆ ಕಂಪನಿಗಳು ಪ್ರಾಯೋಜಕತ್ವ ಕೊಡುವಾಗ ಅಂಕಪಟ್ಟಿಯ ಜೊತೆಗೆ ಎಷ್ಟು ಜನ ನೋಡುತ್ತಾರೆ ಎಂಬುದನ್ನೂ ನೋಡುತ್ತವೆ. ದುಡಿದದ್ದು ಮಗು. ಹಣ ಯಾರದು?

ಇದು ಹಳೆಯ ಪ್ರಶ್ನೆ. ಚಾರ್ಲಿ ಚಾಪ್ಲಿನ್‌ರ 1921ರ ‘ದ ಕಿಡ್’ ಚಿತ್ರದ ಪೋರನನ್ನು ನೀವೆಲ್ಲ ನೋಡಿದ್ದೀರಿ. ಆ ಬಾಲನಟ ಜ್ಯಾಕಿ ಕೂಗನ್ ಲಕ್ಷಾಂತರ ಡಾಲರ್ ದುಡಿದ. ಪ್ರಾಯಕ್ಕೆ ಬಂದು ನೋಡಿದರೆ ತಾಯಿ ಮತ್ತು ಮಲತಂದೆ ಬಹುಪಾಲು ಖರ್ಚು ಮಾಡಿಯಾಗಿತ್ತು. 1938ರಲ್ಲಿ ನ್ಯಾಯಾಲಯಕ್ಕೆ ಹೋದ. ಕೈಗೆ ಬಂದದ್ದು ಅಲ್ಪ. ಆ ಮೊಕದ್ದಮೆಯ ಫಲವಾಗಿ 1939ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿತು. ಬಾಲ ಕಲಾವಿದರ ಗಳಿಕೆಯ ಒಂದು ಪಾಲು ಅವರ ಹೆಸರಿನಲ್ಲೇ ಕೂಡಿಡಬೇಕು ಎಂಬ ತತ್ವ ಹುಟ್ಟಿದ್ದು ಹೀಗೆ.

ಸಿನಿಮಾದ ಮಗುವಿಗೆ ಬಂದ ರಕ್ಷಣೆ ಮನೆಯ ವಿಡಿಯೊದ ಮಗುವಿಗೆ ಬರಲು ಇನ್ನೂ ಎಂಬತ್ತು ವರ್ಷ ಬೇಕಾಯಿತು. ಫ್ರಾನ್ಸ್ 2020ರ ಅಕ್ಟೋಬರ್‌ನಲ್ಲಿ 16 ವರ್ಷದೊಳಗಿನವರ ವಿಡಿಯೊ ಗಳಿಕೆಗೆ ಕಾನೂನು ತಂದಿತು. ಅದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ಅಂಶವೆಂದರೆ, ತನ್ನ ವಿಡಿಯೊ ಅಳಿಸಿಹಾಕಿ ಎಂದು ಮಗು ತಾನೇ ಕೇಳಬಹುದು, ಹೆತ್ತವರ ಒಪ್ಪಿಗೆ ಬೇಕಿಲ್ಲ. ಅಮೆರಿಕದಲ್ಲಿ ಇಲಿನಾಯ್ ರಾಜ್ಯದ ಕಾನೂನು 2024ರ ಜುಲೈ 1ರಂದು ಜಾರಿಗೆ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಕೂಡ ಕೂಗನ್ ಕಾಲದ ರಕ್ಷಣೆಯನ್ನು ಅಂತರ್ಜಾಲದ ಮಕ್ಕಳಿಗೂ ವಿಸ್ತರಿಸಿತು. ಸ್ಕೈ ಬ್ರೌನ್‌ಳ ಬಾಲ್ಯದ ವಿಡಿಯೊಗಳು ಈ ಕಾನೂನುಗಳಿಗಿಂತ ಹಳೆಯವು. ಅವಳ ಮನೆಯವರು ಹೇಗೆ ನಡೆದುಕೊಂಡರೆಂಬುದು ನನ್ನ ಮಾತಲ್ಲ. ಒಳ್ಳೆಯ ಅಪ್ಪ ಅಮ್ಮ ಸಿಕ್ಕಿದರೆ ಸರಿ ಎಂಬ ಅದೃಷ್ಟದ ಮೇಲೆ ಮಕ್ಕಳನ್ನು ಬಿಟ್ಟಿದ್ದ ಕಾಲ ಅದು ಎನ್ನುವುದಷ್ಟೇ ನನ್ನ ಮಾತು.

ನಮ್ಮಲ್ಲಿ? 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿ 14 ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸುತ್ತಲೇ ‘ಕಲಾವಿದ’ ಮಕ್ಕಳಿಗೆ ವಿನಾಯಿತಿ ಕೊಟ್ಟಿತು. ಕಲಾವಿದ ಎಂಬ ಪದದ ವಿವರಣೆಯಲ್ಲಿ ನಟ, ಗಾಯಕರ ಜೊತೆ ಕ್ರೀಡಾಪಟುವೂ ಇದ್ದಾನೆ! 2017ರ ನಿಯಮಗಳ ಪ್ರಕಾರ ಅಂಥ ಮಗು ದಿನಕ್ಕೆ ಐದು ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ಮೀರುವಂತಿಲ್ಲ. ಗಳಿಕೆಯ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ನಿಯಮಗಳನ್ನು ಓದುತ್ತಿದ್ದರೆ ಒಬ್ಬ ನಿರ್ಮಾಪಕ, ಒಂದು ಚಿತ್ರೀಕರಣದ ಸೆಟ್ಟು, ಅನುಮತಿ ಕೊಡುವ ಜಿಲ್ಲಾಧಿಕಾರಿ ಕಣ್ಮುಂದೆ ಬರುತ್ತಾರೆ. ಅಪ್ಪನೇ ನಿರ್ಮಾಪಕ, ಅಂಗಳವೇ ಸೆಟ್ಟು ಆದಾಗ ಐದು ಗಂಟೆಯನ್ನು ಎಣಿಸುವವರು ಯಾರು? ಮಗು ಹಲಗೆ ಓಡಿಸುತ್ತಿರುವುದು ಆಟವೋ ಅಭ್ಯಾಸವೋ ದುಡಿಮೆಯೋ ಎಂದು ವಿಂಗಡಿಸುವುದು ಹೇಗೆ? ಕಾನೂನು ಓದುವ ವಿದ್ಯಾರ್ಥಿಗಳು ಇಲ್ಲಿದ್ದರೆ ಈ ಪ್ರಶ್ನೆಯನ್ನು ಅವರಿಗೇ ಒಪ್ಪಿಸುತ್ತೇನೆ.

ಕ್ಯಾಮೆರಾ ಕಿತ್ತುಕೊಳ್ಳುವುದಷ್ಟೇ ಅಲ್ಲ, ಕೊಡುವುದೂ ಉಂಟು. ರಾಜಸ್ಥಾನದ ಉದಯಪುರದ ಸಮೀಪ ಖೇಂಪುರ ಎಂಬ ಹಳ್ಳಿ. ಮಂಜರಿ ಮಾಕಿಜಾನಿ ಅವರು ನಿರ್ದೇಶಿಸಿದ, 2021ರಲ್ಲಿ ಬಿಡುಗಡೆಯಾದ ‘ಸ್ಕೇಟರ್ ಗರ್ಲ್’ ಚಿತ್ರಕ್ಕಾಗಿ ಅಲ್ಲಿ ನಿಜವಾದ ಸ್ಕೇಟ್ ಪಾರ್ಕ್ ಕಟ್ಟಿದರು. ಚಿತ್ರೀಕರಣ ಮುಗಿದ ಮೇಲೆ ಅದನ್ನು ಕೆಡವಲಿಲ್ಲ, ಊರಿನ ಮಕ್ಕಳಿಗೆ ಬಿಟ್ಟರು. ಮಧ್ಯಪ್ರದೇಶದ ಜನ್ವಾರ್ ಹಳ್ಳಿಯಲ್ಲಿ 2015ರಲ್ಲಿ ಇಂಥದೇ ಒಂದು ಕಾಂಕ್ರೀಟ್ ಅಂಗಳ ಎದ್ದಿತ್ತು. ಅಲ್ಲಿಯ ಆಶಾ ಗೊಂಡ್ 2018ರಲ್ಲಿ ಚೀನಾದ ನಾನ್‌ಜಿಂಗ್‌ನ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋದಳು. ನಮ್ಮ ಬೆಂಗಳೂರಿನ ಹೋಲಿಸ್ಟೋಕ್ಡ್ ತಂಡದ ಯುವಕರು ದೇಶದ ಹಲವು ಕಡೆ ಇಂಥ ಪಾರ್ಕುಗಳನ್ನು ಕಟ್ಟಿದ್ದಾರೆ. ಇವೆಲ್ಲ ಸುದ್ದಿಯಾದದ್ದು ವಿಡಿಯೊಗಳಿಂದಲೇ. ಒಳ್ಳೆಯ ಕಾಂಕ್ರೀಟ್ ಬೇಕಾದರೂ ಯಾರಾದರೂ ನೋಡಬೇಕು.

ಪ್ಯಾರಿಸ್ ಒಲಿಂಪಿಕ್ಸ್‌ಗೆ ಬರೋಣ. 2023ರಲ್ಲಿ ಶಾರ್ಜಾದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಸ್ಕೈ, ಒಲಿಂಪಿಕ್ಸ್‌ಗೆ ಕೆಲವು ತಿಂಗಳ ಮುಂಚೆ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಳು. ಸ್ಪರ್ಧೆ ಹತ್ತಿರವಾದಾಗ ಭುಜದ ಕೀಲು ತಪ್ಪಿತು. 2024ರ ಆಗಸ್ಟ್ 6ರಂದು ಆ ಭುಜದಲ್ಲೇ ಆಡಿ 92.31 ಅಂಕ ಪಡೆದಳು. ಮತ್ತೆ ಕಂಚು. ಆಗ ಅವಳಿಗೆ 16. ರಾಯ್ಸಾ ಕೂಡ ಪ್ಯಾರಿಸ್‌ನಲ್ಲಿ ಕಂಚು ಗೆದ್ದಳು. ವಿಡಿಯೊದಿಂದ ಬಂದವರು ಬೇಗ ಬಂದು ಬೇಗ ಮರೆಯಾಗುತ್ತಾರೆ ಎಂಬ ಮಾತಿಗೆ ಈ ಇಬ್ಬರು ಸಾಕ್ಷಿ ನುಡಿಯುವುದಿಲ್ಲ. ಆದರೆ 16ನೇ ವಯಸ್ಸಿಗೆ ತಲೆ, ಕೈ, ಮೊಣಕಾಲು, ಭುಜ ಎಂದು ಎಣಿಸಬೇಕಾಗಿ ಬಂದ ಆ ಪಟ್ಟಿಯನ್ನು ನಾನು ಪದಕಗಳ ಪಕ್ಕದಲ್ಲೇ ಬರೆದಿಟ್ಟುಕೊಂಡಿದ್ದೇನೆ. ಟೋಕಿಯೊ, ಪ್ಯಾರಿಸ್ ಎರಡರಲ್ಲೂ ಈ ಆಟಕ್ಕೆ ಕನಿಷ್ಠ ವಯಸ್ಸಿನ ಮಿತಿ ಇರಲಿಲ್ಲ. ಪ್ಯಾರಿಸ್‌ನಲ್ಲಿ ಚೀನಾದ 11 ವರ್ಷದ ಹುಡುಗಿಯೊಬ್ಬಳು ಸ್ಪರ್ಧಿಸಿದಳು.

ಪ್ಯಾರಿಸ್‌ನಲ್ಲಿ ಸ್ಕೈಯನ್ನು ಹಿಂದಿಕ್ಕಿ 93.18 ಅಂಕದೊಂದಿಗೆ ಚಿನ್ನ ಗೆದ್ದವಳು ಆಸ್ಟ್ರೇಲಿಯಾದ ಅರೀಸಾ ಟ್ರೂ. ಅವಳಿಗೆ 14 ವರ್ಷ. ಗಾಳಿಯಲ್ಲಿ ಎರಡೂವರೆ ಸುತ್ತು, ಅಂದರೆ 900 ಡಿಗ್ರಿ ತಿರುಗಿ ಇಳಿಯುವ ವರಸೆಯನ್ನು ಮಾಡಿದ ಮೊದಲ ಹುಡುಗಿಯೂ ಅವಳೇ. ಟೋನಿ ಹಾಕ್ 1999ರಲ್ಲಿ ಆ ವರಸೆಯನ್ನು ಸಾಧಿಸಿದ್ದು ಎಕ್ಸ್ ಗೇಮ್ಸ್‌ನ ಅಂಗಣದಲ್ಲಿ, ಜನರ ಕಣ್ಮುಂದೆ, ಮತ್ತೆ ಮತ್ತೆ ಬಿದ್ದು, ನಿಗದಿತ ಸಮಯ ಮುಗಿದ ಮೇಲೆ. ಅರೀಸಾ ಸಾಧಿಸಿದ್ದು 2024ರ ಮೇ ತಿಂಗಳಲ್ಲಿ, ಗೋಲ್ಡ್ ಕೋಸ್ಟ್‌ನ ಅಭ್ಯಾಸದ ರ‍್ಯಾಂಪಿನ ಮೇಲೆ. ತೀರ್ಪುಗಾರರಿರಲಿಲ್ಲ. ಜಗತ್ತು ಅದನ್ನು ನಂಬಿದ್ದು ವಿಡಿಯೊ ನೋಡಿ.

ಅದೇ ಆಸ್ಟ್ರೇಲಿಯಾ 2024ರ ನವೆಂಬರ್‌ನಲ್ಲಿ ಒಂದು ಕಾನೂನು ಒಪ್ಪಿತು. 2025ರ ಡಿಸೆಂಬರ್ 10ರಿಂದ 16 ವರ್ಷದೊಳಗಿನವರು ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಯೂಟ್ಯೂಬ್‌ಗಳಲ್ಲಿ ಸ್ವಂತ ಖಾತೆ ಹೊಂದುವಂತಿಲ್ಲ. ಅಂದು ಒಲಿಂಪಿಕ್ ಚಿನ್ನದ ಪದಕ ಅರೀಸಾಳ ಬಳಿ ಇತ್ತು. ಅವಳಿಗೆ 15 ವರ್ಷ.